ಊರಿನ ನಾಡಿಮಿಡಿತ ಅರಿತು ರಸ್ತೆ ರೂಪಿಸಿದ ಗೆಡ್ಡೀಸ್

ಹಳೆಯ ಪೇಟೆಗಳ ದಟ್ಟಣೆ ನಿವಾರಣೆಗೆ ಮನೆಗಳನ್ನು ಕೆಡವಿ ನೇರ ರಸ್ತೆ ಹಾಯಿಸುವುದೇ ಮಾರ್ಗವೆಂದು ಆಡಳಿತಗಾರರು ನಂಬಿದ್ದ ಕಾಲದಲ್ಲಿ, ಆ ನಂಬಿಕೆಯನ್ನು ಪ್ರಶ್ನಿಸಿದವರು ಸರ್ ಪ್ಯಾಟ್ರಿಕ್ ಗೆಡ್ಡೀಸ್.

1854ರಲ್ಲಿ ಸ್ಕಾಟ್ಲೆಂಡಿನ ಬ್ಯಾಲಟರ್‌ನಲ್ಲಿ ಜನಿಸಿದ ಅವರು ಮೂಲತಃ ಜೀವವಿಜ್ಞಾನಿ. 1886ರಲ್ಲಿ ವಿವಾಹವಾದ ಬಳಿಕ ಪತ್ನಿ ಆನಾ ಅವರೊಡನೆ ಎಡಿನ್‌ಬರೊದ ಜೇಮ್ಸ್ ಕೋರ್ಟ್‌ನ ಹಳೆಯ ವಠಾರದಲ್ಲಿ ನೆಲೆಸಿ, ಅದರ ಸುಧಾರಣೆಗೆ ಸ್ವತಃ ಕೈಹಾಕಿದರು.

ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡ್ ಆಹ್ವಾನದ ಮೇರೆಗೆ 1914ರಲ್ಲಿ ಭಾರತಕ್ಕೆ ಬಂದರು. ಅವರ ನಗರ ಪ್ರದರ್ಶನದ ಸಾಮಗ್ರಿಯಿದ್ದ ಹಡಗನ್ನು ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. ಗೆಡ್ಡೀಸ್ ಎದೆಗುಂದದೆ ಮತ್ತೊಂದು ಪ್ರದರ್ಶನ ಸಿದ್ಧಪಡಿಸಿದರು.

ನಕ್ಷೆ ಬರೆಯುವ ಮುನ್ನ ಓಣಿ ಓಣಿಗಳಲ್ಲಿ ನಡೆದಾಡುವುದು ಅವರ ಪದ್ಧತಿಯಾಗಿತ್ತು. 1915ರಲ್ಲಿ ತಂಜಾವೂರಿನ ಪೇಟೆಯೊಳಗೆ ನೇರ ಬೀದಿಗಳ ಜಾಲ ಹೆಣೆಯುವ ಪ್ರಸ್ತಾವ ಅವರ ಮುಂದಿತ್ತು. ಒಳ್ಳೆಯ ಮನೆಗಳನ್ನು ಉಳಿಸಿ, ಪಾಳುಬಿದ್ದವನ್ನಷ್ಟೇ ತೆರವುಗೊಳಿಸಿ, ಇರುವ ಓಣಿಗಳನ್ನೇ ಸರಿಪಡಿಸಿದರೆ ಅತ್ಯಲ್ಪ ವೆಚ್ಚದಲ್ಲಿ ಗಾಳಿ, ಬೆಳಕು, ಸಂಚಾರ ಮೂರೂ ಲಭಿಸುತ್ತವೆಂದು ಅವರು ವರದಿಯಲ್ಲಿ ತೋರಿಸಿಕೊಟ್ಟರು. ಮನೆ ಕಳೆದುಕೊಂಡ ಬಡವರು ಮತ್ತೊಂದು ಕೇರಿಯಲ್ಲಿ ಕಿಕ್ಕಿರಿಯುವರೆಂಬ ಎಚ್ಚರ ಅವರಿಗಿತ್ತು.

1917ರಲ್ಲಿ ಪುತ್ರ ಅಲಾಸ್ಡೇರ್ ಯುದ್ಧದಲ್ಲಿ ಮಡಿದರು. ಅದೇ ವರ್ಷ ಪತ್ನಿ ಭಾರತದಲ್ಲಿಯೇ ತೀರಿಕೊಂಡರು. ಈ ದುಃಖದ ನಡುವೆಯೂ ಮರುವರ್ಷ ಇಂದೂರಿನ ನಗರ ಯೋಜನೆಯ ಬೃಹತ್ ವರದಿ ಹೊರಬಂದಿತು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದರು.

1932ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಅವರು ನಿಧನರಾದರು. ರಸ್ತೆ ಅಗಲೀಕರಣಕ್ಕಾಗಿ ಗೋಡೆಗಳ ಮೇಲೆ ಗುರುತು ಬೀಳುವ ನಮ್ಮ ಊರುಗಳಲ್ಲಿ, ಮೊದಲು ರೋಗನಿದಾನ, ಆಮೇಲಷ್ಟೇ ಶಸ್ತ್ರಚಿಕಿತ್ಸೆ ಎಂಬ ಅವರ ನೀತಿ ಇನ್ನೂ ಹಳತಾಗಿಲ್ಲ.