ಗ್ರಂಥಾಲಯ ವಿಜ್ಞಾನಿ ರಂಗನಾಥನ್

ಊರು, ನದಿ, ಬೆಟ್ಟಗಳನ್ನು ಗುರುತಿಸಿ ತೋರಿಸುವ ಭೂಪಟವನ್ನು ನಾವೆಲ್ಲರೂ ಕಂಡಿದ್ದೇವೆ. ಅರಿವಿನ ಲೋಕಕ್ಕೂ ಇಂತಹ ಪಟವೊಂದಿರಲು ಸಾಧ್ಯವೆ? ಯಾವ ವಿಷಯದಲ್ಲಿ ಎಷ್ಟು ಸಂಶೋಧನೆ ನಡೆದಿದೆ, ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ಎಣಿಸಿ, ಅಳೆದು ತೋರಿಸಬಹುದೆ? ಈ ದಾರಿಯಲ್ಲಿ ಮೊದಲು ನಡೆದ ಮಹನೀಯರಲ್ಲಿ ಭಾರತೀಯರೊಬ್ಬರಿದ್ದರು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್.

ರಂಗನಾಥನ್ 1892ರ ಆಗಸ್ಟ್ ತಿಂಗಳಿನಲ್ಲಿ, ಇಂದಿನ ತಮಿಳುನಾಡಿಗೆ ಸೇರಿದ ಶಿಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲುವ ತೊಡಕೂ ಇತ್ತು. ಆದರೂ ಧೃತಿಗೆಡದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ ಎಂ.ಎ. ಪದವಿಯನ್ನು ಪಡೆದರು. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲಕರಾಗಿ ನೇಮಕಗೊಂಡರು. ಓದುಗರಿಲ್ಲದ ಆ ಗ್ರಂಥಾಲಯದ ಏಕಾಂತ ಅವರಿಗೆ ಸಹನೆಯಾಗಲಿಲ್ಲ. ತರಗತಿಗೆ ಮರಳಲು ಹಾತೊರೆದರು. ಮೊದಲು ಲಂಡನ್ನಿಗೆ ಹೋಗಿ ಅಲ್ಲಿನ ಕ್ರಮವನ್ನು ಕಲಿತು ಬರುವಂತೆಯೂ, ಅನಂತರವೂ ಮನಸ್ಸಾಗದಿದ್ದರೆ ಅಧ್ಯಾಪನಕ್ಕೆ ಹಿಂದಿರುಗುವಂತೆಯೂ ಹಿರಿಯರು ತಿಳಿಸಿದರು. ಇಂಗ್ಲೆಂಡಿನಲ್ಲಿ ಗ್ರಂಥಾಲಯಗಳು ಎಲ್ಲ ಬಗೆಯ ಜನರಿಗೂ ನೆರವಾಗುತ್ತಿದ್ದುದನ್ನು ಕಂಡ ರಂಗನಾಥನ್ ಹೊಸ ಮನುಷ್ಯರಾಗಿ ಮರಳಿದರು.

ಲಂಡನ್ನಿನ ಅಂಗಡಿಯೊಂದರಲ್ಲಿ ಅವರು ಒಂದು ಆಟಿಕೆಯನ್ನು ಕಂಡಿದ್ದರು. ಅವೇ ಕೆಲವು ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ಹಲವು ಆಟದ ವಸ್ತುಗಳನ್ನು ಮಾಡಬಹುದಾಗಿತ್ತು. ಗ್ರಂಥಗಳ ವಿಷಯವನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. ಲಂಡನ್ನಿನ ಕೆಲಸಗಾರರ ದೈಹಿಕ ಶ್ರಮಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ತಿಳಿಸುವ ಗ್ರಂಥವೊಂದಿದೆಯೆನ್ನೋಣ. ಅದನ್ನು ಯಾವ ಹೆಸರಿನಲ್ಲಿ ಹುಡುಕಬೇಕು? ಹೃದಯವೆಂದೆ, ವ್ಯಾಯಾಮವೆಂದೆ, ಲಂಡನ್ ಎಂದೆ? ವಸ್ತು, ಕ್ರಿಯೆ, ದೇಶ, ಕಾಲಗಳೆಂದು ವಿಷಯವನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಸಂಕೇತ ನೀಡಿ, ಅವನ್ನು ಕೂಡಿಸುವ ಪದ್ಧತಿಯನ್ನು ಅವರು ರೂಪಿಸಿದರು. ಇದೇ 1933ರಲ್ಲಿ ಪ್ರಕಟವಾದ ದ್ವಿಬಿಂದು ವರ್ಗೀಕರಣ. ಅದಕ್ಕೆ ಮುನ್ನ, 1931ರಲ್ಲಿ, ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದ್ದರು. ಗ್ರಂಥಗಳಿರುವುದು ಬಳಕೆಗಾಗಿ ಎಂಬುದು ಅವುಗಳಲ್ಲಿ ಮೊದಲನೆಯದು. ಓದುಗನ ಸಮಯವನ್ನು ಉಳಿಸಬೇಕೆಂಬುದು ನಾಲ್ಕನೆಯದು.

ಗಣಿತ ಅವರನ್ನು ಬಿಟ್ಟಿರಲಿಲ್ಲ. ಗ್ರಂಥಗಳನ್ನೂ ಅವುಗಳ ಬಳಕೆಯನ್ನೂ ಸಂಖ್ಯಾಶಾಸ್ತ್ರದ ನೆರವಿನಿಂದ ಅಳೆಯುವ ಶಾಸ್ತ್ರವೊಂದು ಬೇಕೆಂದು 1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ನಡೆದ ಸಮ್ಮೇಳನದಲ್ಲಿ ಸೂಚಿಸಿ, ಅದನ್ನು ಲೈಬ್ರಮೆಟ್ರಿ ಎಂದು ಕರೆದರು. ಇದಕ್ಕೆ ಸಮೀಪದ ಶಾಸ್ತ್ರವು 1969ರಿಂದ ಬಿಬ್ಲಿಯೊಮೆಟ್ರಿಕ್ಸ್ ಎಂಬ ಹೆಸರಿನಲ್ಲಿ ಬೆಳೆಯಿತು.

ಈ ಎಣಿಕೆಯಿಂದ ಪ್ರಯೋಜನವೇನು? 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು, ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯೆಂದು ತೋರಿಸಿದರು. ಅನಂತರ ವ್ಯಾಯಾಮ ಮತ್ತು ಆರೋಗ್ಯವನ್ನು ಕುರಿತು ಸಹಸ್ರಾರು ಲೇಖನಗಳು ಬಂದಿವೆ. ಎಲ್ಲವನ್ನೂ ಓದಿ ಮುಗಿಸುವುದು ಒಬ್ಬರಿಂದ ಆಗದ ಕೆಲಸ. ಯಾವ ವರ್ಷ ಎಷ್ಟು ಲೇಖನಗಳು ಬಂದವು, ಯಾವುದನ್ನು ಅನಂತರದವರು ಹೆಚ್ಚಾಗಿ ಸ್ಮರಿಸಿದರು, ಯಾವ ಪದಗಳು ಜೊತೆಯಾಗಿ ಬರುತ್ತವೆ ಎಂದು ಇಂದು ಗಣಕಯಂತ್ರದಿಂದ ಎಣಿಸಿ ಪಟ ಬರೆಯುತ್ತಾರೆ. ಹೃದಯದಿಂದ ಹೊರಟ ವಿಚಾರ ಸಕ್ಕರೆ ಕಾಯಿಲೆ, ಮಾನಸಿಕ ಆರೋಗ್ಯಗಳತ್ತ ಹರಡಿದ ಬಗೆ ಅದರಲ್ಲಿ ಕಾಣುತ್ತದೆ. ಬಹುಪಾಲು ಅಧ್ಯಯನಗಳು ಶ್ರೀಮಂತ ದೇಶಗಳಲ್ಲಿ ನಡೆದಿರುವುದೂ ಕಾಣುತ್ತದೆ. ಬಡ ದೇಶದ ಶ್ರಮಜೀವಿಗಳ ಆರೋಗ್ಯವನ್ನು ಇನ್ನೂ ಅರಿಯಬೇಕಾಗಿದೆಯೆಂಬ ಎಚ್ಚರ ಹುಟ್ಟುವುದು ಆ ಬರಿದಾದ ಜಾಗಗಳಿಂದಲೇ. ಆದರೆ ಹೆಚ್ಚು ಜನ ಸ್ಮರಿಸಿದ್ದೆಲ್ಲ ಸತ್ಯವಲ್ಲ. ಎಣಿಕೆ ದಾರಿಯನ್ನು ತೋರಬಲ್ಲುದು. ಓದಿ ವಿವೇಚಿಸುವ ಹೊಣೆ ನಮ್ಮದೇ.

ರಂಗನಾಥನ್ 1956ರಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಪತ್ನಿ ಶಾರದಾ ಅವರ ಹೆಸರಿನ ಪ್ರಾಧ್ಯಾಪಕ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ದಾನ ಮಾಡಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರೆಂಬ ಗೌರವ ಅವರಿಗೆ ಸಂದಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ನಿಧನರಾದರು. ಅವರ ಎಣಿಕೆಯ ಹಿಂದೆ ಇದ್ದುದು ಅಂಕಿಗಳ ಮೋಹವಲ್ಲ. ಹುಡುಕಿ ಬಂದ ಓದುಗನು ಬರಿಗೈಯಲ್ಲಿ ಮರಳಬಾರದೆಂಬ ಕಳಕಳಿ.