ಸಿಲೆಬಸ್ ಬರೆದ ಮೇಸ್ತ್ರಿ

ಕಟ್ಟಡ ಕಟ್ಟೋ ಜಾಗದಲ್ಲಿ ನಾವು ದಿನಾ ಕೇಳೋ 'ಮೇಸ್ತ್ರಿ' ಅನ್ನೋ ಪದ ಕನ್ನಡಕ್ಕೆ ಬಂದದ್ದು ಪೋರ್ಚುಗೀಸಿನ 'ಮೆಸ್ತ್ರೆ'ಯಿಂದ. ಅದೇ ಭಾಷೆಯಾಡುವ ಬ್ರೆಜಿಲ್‌ನಲ್ಲಿ ಕಪೊಯೇರಾ ಕಲಿಸುವ ಗುರುಗಳನ್ನೂ ಮೆಸ್ತ್ರೆ ಅಂತಲೇ ಕರೀತಾರೆ. ಆ ಗುರುಗಳ ಸಾಲಿನಲ್ಲಿ ಬಹಳ ದೊಡ್ಡ ಹೆಸರು ಮೆಸ್ತ್ರೆ ಬಿಂಬಾ ಅವರದು.

ಕಪೊಯೇರಾ ವಿಡಿಯೊ ನಮ್ಮಲ್ಲಿ ಹಲವರು ನೋಡಿರ್ತೀವಿ. ಸುತ್ತ ನಿಂತವರು ಚಪ್ಪಾಳೆ ತಟ್ಟಿ ಹಾಡ್ತಾರೆ, ಬಿಲ್ಲಿನಂಥ ಒಂಟಿ ತಂತಿಯ ಬೆರಿಂಬಾವು ನುಡಿಯುತ್ತೆ, ನಡುವೆ ಇಬ್ಬರು ಕಾಲು ಬೀಸ್ತಾ, ತಪ್ಪಿಸಿಕೊಳ್ತಾ, ಲಾಗ ಹಾಕ್ತಾ ಇರ್ತಾರೆ. ಕುಣಿತವೋ ಕಾಳಗವೋ ಗೊತ್ತಾಗೋದೇ ಇಲ್ಲ. ಎದುರಾಳಿಯ ಲೆಕ್ಕ ತಪ್ಪಿಸೋ ಜಾಣತನವೇ ಅದರ ಜೀವಾಳ. ಆಫ್ರಿಕಾದಿಂದ ಗುಲಾಮರಾಗಿ ಹಡಗೇರಿ ಬಂದವರೂ ಅವರ ಮಕ್ಕಳೂ ಬ್ರೆಜಿಲ್ ನೆಲದಲ್ಲಿ ಬೆಳೆಸಿದ ವಿದ್ಯೆ ಇದು. 1888ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಯ್ತು. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆ ಬೀದಿಯಲ್ಲಿ ಕಪೊಯೇರಾ ಆಡೋರಿಗೆ ಎರಡರಿಂದ ಆರು ತಿಂಗಳ ಜೈಲು ಅಂದಿತು. ಜನಕ್ಕೆ ಬಿಡುಗಡೆ ಸಿಕ್ಕರೂ ಅವರ ಆಟಕ್ಕೆ ಸಿಗಲಿಲ್ಲ.

ಈ ಕಾನೂನು ಬಂದು ಸುಮಾರು ಹತ್ತು ವರ್ಷಕ್ಕೆ ಬಯಿಯಾ ರಾಜ್ಯದ ಸಾಲ್ವಡಾರ್ ನಗರದಲ್ಲಿ ಮನುಯೆಲ್ ದೋಸ್ ರೇಯಿಸ್ ಮಶಾದೊ ಹುಟ್ಟಿದರು. ಮಗು ಗಂಡೋ ಹೆಣ್ಣೋ ಅಂತ ತಾಯಿಗೂ ಸೂಲಗಿತ್ತಿಗೂ ಪಂದ್ಯ ನಡೆದಿತ್ತಂತೆ. ಗಂಡು ಅಂದಿದ್ದ ಸೂಲಗಿತ್ತಿ ಗೆದ್ದಳು, 'ಬಿಂಬಾ' ಅನ್ನೋ ತುಂಟ ಅಡ್ಡಹೆಸರು ಮಗುವಿಗೆ ಅಂಟಿಕೊಳ್ತು. ತಂದೆ 'ಬತೂಕೆ' ಅನ್ನೋ ಇನ್ನೊಂದು ಕಾಳಗದಲ್ಲಿ ಹೆಸರುವಾಸಿ. ಹುಡುಗನಿಗೆ ಕಪೊಯೇರಾ ಕಲಿಸಿದವರು ಬೆಂಚಿನ್ಯೊ ಎಂಬ ಆಫ್ರಿಕನ್. ಹೊಟ್ಟೆಪಾಡಿಗೆ ಬಿಂಬಾ ಬಂದರಿನಲ್ಲಿ ಕೂಲಿ ಮಾಡಿದರು, ಬಡಗಿ ಕೆಲಸವನ್ನೂ ಮಾಡಿದರು.

ಕಾದಾಟದ ಕಸುವು ಕಳೆದು ಕಪೊಯೇರಾ ಬರೀ ಪ್ರದರ್ಶನ ಆಗ್ತಿದೆ ಅನ್ನೋದು ಅವರ ಚಿಂತೆ. ಅದಕ್ಕೇ ತಂದೆಯ ಬತೂಕೆಯ ಪಟ್ಟುಗಳನ್ನು ಸೇರಿಸಿ ಹೊಸ ಶೈಲಿ ಕಟ್ಟಿದರು. ಇಬ್ಬರು ಕೂಡಿ ಅಭ್ಯಾಸ ಮಾಡುವ ಎಂಟು ಸರಣಿಗಳನ್ನು ರೂಪಿಸಿದರು. ಪ್ರವೇಶ ಪರೀಕ್ಷೆ ಇತ್ತು, ಕೊನೆಗೆ ಪದಕ, ರೇಷ್ಮೆ ಕರವಸ್ತ್ರ ಕೊಡುವ ಘಟಿಕೋತ್ಸವವೂ ಇತ್ತು. ಹೊಸಬರ ಎರಡೂ ಕೈ ಹಿಡಿದು ಮೊದಲ ಹೆಜ್ಜೆ ತಾವೇ ಕಲಿಸ್ತಿದ್ದರು. 1936ರಲ್ಲಿ ಸಾಲ್ವಡಾರ್‌ನ ಅಖಾಡದಲ್ಲಿ ಸವಾಲು ಹಾಕಿ ಗೆದ್ದರು. 1937ರಲ್ಲಿ ಅವರ ಶಾಲೆಗೆ ಸರ್ಕಾರದ ಪರವಾನಗಿ ಸಿಕ್ತು. ಆಗಿನ್ನೂ ಆ ದಂಡಸಂಹಿತೆ ಜಾರಿಯಲ್ಲೇ ಇತ್ತು! ಶಾಲೆಯ ಹೆಸರಲ್ಲಿ 'ಕಪೊಯೇರಾ' ಅನ್ನೋ ಪದವೇ ಇರಲಿಲ್ಲ, 'ಪ್ರಾದೇಶಿಕ ಕಾಳಗ' ಅಂತಿತ್ತು. ಆಟದ ಜಾಣತನವನ್ನು ಅವರು ಬೋರ್ಡಿನ ಮೇಲೂ ಆಡಿದ್ದರು ಅನ್ಸುತ್ತೆ ನಮಗೆ.

ವೈದ್ಯಕೀಯ ವಿದ್ಯಾರ್ಥಿಗಳು, ಸಿರಿವಂತರ ಮಕ್ಕಳು ಬಂದು ಸೇರಿದರು. 1940ರ ಹೊಸ ಸಂಹಿತೆ ಆ ಅಪರಾಧವನ್ನೇ ಕೈಬಿಟ್ಟಿತು. 1953ರಲ್ಲಿ ರಾಷ್ಟ್ರಾಧ್ಯಕ್ಷ ವರ್ಗಸ್ ಅವರೆದುರು ಬಿಂಬಾ ಶಿಷ್ಯರೊಂದಿಗೆ ಆಡಿ ತೋರಿಸಿದರು.

ಈ ಮರ್ಯಾದೆಗೂ ಒಂದು ಬೆಲೆ ಇತ್ತು. ಓದು ಅಥವಾ ಕೆಲಸ, ಎರಡರಲ್ಲಿ ಒಂದಾದರೂ ಇದ್ದವರಿಗೇ ಬಿಂಬಾ ಅವರ ಶಾಲೆಗೆ ಪ್ರವೇಶ. ಬೀದಿಯಲ್ಲಿ ಹುಟ್ಟಿದ ವಿದ್ಯೆಗೆ ಗೇಟು ಬಿತ್ತು. ಅವರ ದಾರಿ ಒಪ್ಪದ ಹಳೇ ಶೈಲಿಯವರೂ ಇದ್ದರು. ಆ ಪರಂಪರೆಯನ್ನು ಮೆಸ್ತ್ರೆ ಪಸ್ಚಿನ್ಯಾ ಉಳಿಸಿ ಬೆಳೆಸಿದರು. ನಮಗನ್ನಿಸೋದು ಇಷ್ಟೇ: ಇಬ್ಬರೂ ಇಲ್ಲದಿದ್ದರೆ ಆ ವಿದ್ಯೆ ಈ ರೂಪದಲ್ಲಿ ಉಳೀತಿರಲಿಲ್ಲ.

ಆದರೆ ಮೆಸ್ತ್ರೆಗೆ ಸಿಕ್ಕಿದ್ದೇನು? ಸ್ವಂತ ಊರಿನ ಅಧಿಕಾರಿಗಳ ಉಪೇಕ್ಷೆಗೆ ಬೇಸತ್ತು 1973ರಲ್ಲಿ ದೂರದ ಗೊಯಾನಿಯಾಕ್ಕೆ ಹೋದರು. ಅಲ್ಲೂ ನೆಮ್ಮದಿ ಸಿಗಲಿಲ್ಲ. 1974ರ ಫೆಬ್ರವರಿ 5ರಂದು ಬಡತನದಲ್ಲೇ ತೀರಿಕೊಂಡರು. ಬಯಿಯಾದ ಫೆಡರಲ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1996ರಲ್ಲಿ. 2014ರಲ್ಲಿ ಯುನೆಸ್ಕೊ ಕಪೊಯೇರಾ ವೃತ್ತವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದೆಷ್ಟೋ ಶಿಷ್ಯರಿಗೆ ಘಟಿಕೋತ್ಸವ ಮಾಡಿಸಿದ ಗುರುವಿಗೆ ಪದವಿ ಬಂದದ್ದು ಸತ್ತು 22 ವರ್ಷದ ಮೇಲೆ. ಕಾಗದ ಇಲ್ಲದೆಯೂ ವಿದ್ಯೆ ಗೊತ್ತಿರೋ ಮೇಸ್ತ್ರಿಗಳು ನಮ್ಮ ಸೈಟುಗಳಲ್ಲೂ, ವರ್ಕ್‌ಶಾಪುಗಳಲ್ಲೂ ಇದ್ದಾರೆ. ಅವರು ಬದುಕಿರುವಾಗಲೇ ಹೋಗಿ ಕಲಿಯೋಣ, ಗೌರವವನ್ನೂ ಈಗಲೇ ಸಲ್ಲಿಸೋಣ.