ಆರು ಕಾರು ಮಾಡಿ ಮೂರೇ ಮಾರಿದ ಬುಗಾಟಿ

ಮಾರಾಟವಾಗದೆ ಉಳಿದ ಮಾಲು ಎಷ್ಟು ನಿದ್ದೆ ಕೆಡಿಸುತ್ತೆ ಅಂತ ಅಂಗಡಿ ಇಟ್ಟವರಿಗೆ ಹೇಳಬೇಕಿಲ್ಲ. ಇವತ್ತು ಕೋಟಿಗಟ್ಟಲೆ ಬೆಲೆಯ ಕಾರಿಗೆ ಹೆಸರಾದ ಎತ್ತೋರೆ ಬುಗಾಟಿ ಅವರಿಗೂ ಆ ಕಷ್ಟ ಬಂದಿತ್ತು.

1881ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಹುಟ್ಟಿದ ಎತ್ತೋರೆ, 1909ರಲ್ಲಿ ಅಲ್ಸಾಸ್ ಪ್ರಾಂತ್ಯದ ಮೋಲ್ಸೈಮ್‌ನಲ್ಲಿ ಕಾರ್ಖಾನೆ ಹಾಕಿದರು. ಆಗ ಅದು ಜರ್ಮನಿ, ಮೊದಲ ಮಹಾಯುದ್ಧದ ನಂತರ ಫ್ರಾನ್ಸ್. ಅವರ ಹಗುರ ರೇಸ್ ಕಾರುಗಳು ಭಾರೀ ಹೆಸರು ಮಾಡಿದವು.

ಆಮೇಲೆ ರಾಜರಿಗೆಂದೇ ರೊಯಾಲ್ ಕಾರು ಮಾಡಹೊರಟರು. 20 ಅಡಿ ಮೀರಿದ ಉದ್ದ, ಸುಮಾರು 3 ಟನ್ ತೂಕ, 12.7 ಲೀಟರ್ ಇಂಜಿನ್. ರೇಡಿಯೇಟರ್ ಮುಚ್ಚಳದ ಮೇಲೆ ಸೊಂಡಿಲೆತ್ತಿ ನಿಂತ ಆನೆ; ಅಷ್ಟರಲ್ಲಾಗಲೇ ತೀರಿಕೊಂಡಿದ್ದ ಶಿಲ್ಪಿ ತಮ್ಮ ರೆಂಬ್ರಾಂಟ್ ಅವರ ಕೈಕೆಲಸದಿಂದ ಬಂದದ್ದು. 25 ಕಾರು ಮಾಡುವ ಲೆಕ್ಕಾಚಾರವಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಎಲ್ಲೆಡೆ ದುಡ್ಡಿನ ಮುಗ್ಗಟ್ಟು ಶುರುವಾಯ್ತು. ಒಬ್ಬ ರಾಜನೂ ಕೊಳ್ಳಲಿಲ್ಲ. ಕೊನೆಗೆ ಆದದ್ದು ಆರು, ಹೋದದ್ದು ಮೂರು. ಕೊಂಡವರು ಒಬ್ಬ ರೆಡಿಮೇಡ್ ಬಟ್ಟೆ ವ್ಯಾಪಾರಿ, ಒಬ್ಬ ಜರ್ಮನ್ ಡಾಕ್ಟರ್, ಒಬ್ಬ ಇಂಗ್ಲಿಷ್ ಶ್ರೀಮಂತ. ಬಟ್ಟೆ ವ್ಯಾಪಾರಿ, ರಾತ್ರಿ ಹೊತ್ತು ಓಡಿಸೋದೇ ಇಲ್ಲ ಅಂತ ಹೆಡ್‌ಲೈಟೇ ಬೇಡ ಎಂದರಂತೆ!

ಬುಗಾಟಿ ಕೈಕಟ್ಟಿ ಕೂರಲಿಲ್ಲ. ಅದೇ ಇಂಜಿನ್‌ಗಳನ್ನು ರೈಲುಬಂಡಿಗೆ ಜೋಡಿಸಿ ಫ್ರಾನ್ಸಿನ ರೈಲ್ವೆಗೆ ಮಾರಿದರು. ಕಾರ್ಖಾನೆ ಉಸಿರಾಡಿತು. ನನ್ನ ಮಟ್ಟಿಗೆ ಅವರ ಜಾಣತನ ಕಂಡಿದ್ದು ರೊಯಾಲ್‌ಗಿಂತ ಇದರಲ್ಲೇ.

1936ರಲ್ಲಿ ಕಾರ್ಮಿಕರ ಮುಷ್ಕರ. 1939ರ ಆಗಸ್ಟ್‌ನಲ್ಲಿ ಮಗ ಜಾನ್ ಕಾರು ಪರೀಕ್ಷೆ ಮಾಡುವಾಗ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದಿ ತೀರಿಕೊಂಡರು. ವಯಸ್ಸು ಬರೀ 30. ಅದರ ಬೆನ್ನಿಗೇ ಯುದ್ಧ. ಜರ್ಮನ್ ಸೈನಿಕರ ಕಣ್ಣಿಗೆ ಬೀಳಬಾರದೆಂದು ಮನೆಯಲ್ಲುಳಿದ ಮೂರು ರೊಯಾಲ್‌ಗಳನ್ನು ಪ್ಯಾರಿಸ್ ಹತ್ತಿರದ ಎರ್ಮನೊವಿಲ್ ಮನೆಯಲ್ಲಿಟ್ಟು ಇಟ್ಟಿಗೆ ಗೋಡೆ ಕಟ್ಟಿಬಿಟ್ಟರು. ಎತ್ತೋರೆ 1947ರಲ್ಲಿ ಪ್ಯಾರಿಸ್‌ನಲ್ಲಿ ಕಣ್ಮುಚ್ಚಿದರು.

1950ರಲ್ಲಿ ಮಗಳು ಎರಡು ಕಾರನ್ನು ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಅವರಿಗೆ ಕೊಟ್ಟರು; ಸ್ವಲ್ಪ ಹಣ, ಜೊತೆಗೆ ಎರಡು ಫ್ರಿಡ್ಜು ಪಡೆದರು ಅಂತಾರೆ. ಅವುಗಳಲ್ಲೊಂದು 1987ರಲ್ಲಿ ಲಂಡನ್ ಹರಾಜಿನಲ್ಲಿ 55 ಲಕ್ಷ ಪೌಂಡಿಗೆ ಹೋಯ್ತು. ಮನೆಯ ಮೂರನೆಯದೂ ಇಂಗ್ಲಿಷ್ ಶ್ರೀಮಂತರ ಕಾರೂ ಈಗ ಫ್ರಾನ್ಸಿನ ಮುಲೂಸ್ ಮ್ಯೂಸಿಯಂನಲ್ಲಿವೆ. ಬಟ್ಟೆ ವ್ಯಾಪಾರಿಯ ಕಾರಿಗೆ ಬೇರೆ ಬಾಡಿ ಬಂತು, ಹೆಡ್‌ಲೈಟೂ ಬಂತು. ಡಾಕ್ಟರ ಕಾರು ನ್ಯೂಯಾರ್ಕಿನ ಗುಜರಿ ಸೇರಿತ್ತು, ಚಳಿಗೆ ಇಂಜಿನ್ ಬಿರುಕು ಬಿಟ್ಟಿತ್ತು. ಜನರಲ್ ಮೋಟಾರ್ಸ್‌ನ ಇಂಜಿನಿಯರ್ ಚಾರ್ಲ್ಸ್ ಚೇನ್ 400 ಡಾಲರ್ ಕೊಟ್ಟು ಅದನ್ನೆತ್ತಿ ರಿಪೇರಿ ಮಾಡಿಸಿದರು. ಈಗ ಅಮೆರಿಕದ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.